ಖಾಲಿಯಾಗದ ಗೂಡು

"ಎರಡು ಬಾಟಲೀನೂ ತೆಗೀರಿ ಭಾವ," ಎಂದಳು ಇನ್ಸ್‌ಪೆಕ್ಟರಮ್ಮ. "ಒಂದು ನೀವು ಇಟ್ಟಿದ್ದು. ಇನ್ನೊಂದು ತಾನಾಗಿ ಬಂದು ಕೂತಿದ್ದು."

ಭಾವ ಹಲ್ಲಿನ ಡಾಕ್ಟರು. ಬಾಟಲಿಯ ಬಿರಡೆಯನ್ನು ಕೂಡ ನೋವಾಗದ ಹಾಗೆ ಕೀಳುವ ಅಭ್ಯಾಸ. ಕತ್ತಿನ ಹಸಿರು ಮೇಣವನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಬಿಡಿಸಿದರು. ಬಿರಡೆಗೆ ತಿರುಪು ಇಳಿಸಿದರು. ಉಸಿರು ಬಿಗಿಹಿಡಿದು ಎಳೆದರು. ಮೊದಲನೆಯದು ಪುಸಕ್ಕನೆ ಬಂತು. ಎರಡನೆಯದು ಅರ್ಧದಲ್ಲೇ ಪುಡಿಯಾಯಿತು.

"ಬೇರು ಒಳಗೇ ಉಳ್ಕೊಳ್ತು," ಎಂದರು ಬೇಸರದಿಂದ.

"ಪೇಷಂಟ್‌ಗೆ ಬಾಯಿ ಮುಕ್ಕಳಿಸೋಕೆ ಹೇಳಿ," ಎಂದು ಅಡುಗೆಮನೆಯಿಂದ ಅಕ್ಕ ಕೂಗಿದಳು.

ಅಕ್ಕ ಹೃದಯದ ಆಪರೇಷನ್ ಮುಗಿಸಿ ಮನೆಗೆ ಬಂದಂದಿನಿಂದ ಪ್ರತಿ ಭಾನುವಾರ ಈ ಮನೆಯಲ್ಲಿ ಒಂದು ಹಳೆಯ ವೈನ್ ಬಾಟಲಿ ಖಾಲಿಯಾಗುತ್ತಿತ್ತು. ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಅದು ಮಲಗಿದ್ದ ಗೂಡು ಮಾತ್ರ ಮುಂದಿನ ಭಾನುವಾರಕ್ಕೆ ಮತ್ತೆ ತುಂಬಿರುತ್ತಿತ್ತು.

ಕದ್ದುಕೊಂಡು ಹೋಗುವ ಕಳ್ಳರನ್ನು ಇನ್ಸ್‌ಪೆಕ್ಟರಮ್ಮ ಜೀವಮಾನವಿಡೀ ಹಿಡಿದಿದ್ದಳು. ಪೊಲೀಸ್ ಕೆಲಸ ಬಿಟ್ಟು, ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ ತನ್ನದೇ ಪತ್ತೇದಾರಿ ಕಚೇರಿ ತೆರೆದಿದ್ದಳು; ಕೆಲಸ ಹೋದರೂ ಹೆಸರು ಹೋಗಿರಲಿಲ್ಲ. ಆದರೆ ತಂದಿಟ್ಟು ಹೋಗುವ ಕಳ್ಳನನ್ನು ಅವಳು ಕಂಡದ್ದು ಇದೇ ಮೊದಲು.

ಭಾವ ಎರಡು ಗ್ಲಾಸುಗಳಿಗೆ ಬೇರೆಬೇರೆಯಾಗಿ ಸುರಿದು, ಬಿರಡೆಯ ಚೂರುಗಳನ್ನು ಚಮಚದಿಂದ ಎತ್ತಿ ಹಾಕಿದರು. ಕಿಟಕಿಯಿಂದ ಬರುತ್ತಿದ್ದ ಸಂಜೆ ಬೆಳಕಿನಲ್ಲಿ ಎರಡರ ಬಣ್ಣವೂ ಒಂದೇ. ನಡುವೆ ಕಡುಗೆಂಪು, ಅಂಚಿನಲ್ಲಿ ಇಟ್ಟಿಗೆಯ ಕೆಂಪು.

ಇನ್ಸ್‌ಪೆಕ್ಟರಮ್ಮ ಮೊದಲನೆಯದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹುಳಿ ಹಣ್ಣು, ಒದ್ದೆ ಮರ, ಕೊನೆಯಲ್ಲಿ ನಾಲಿಗೆಯನ್ನು ನಯವಾಗಿ ಒರೆಸಿಕೊಂಡು ಹೋಗುವ ಒಗರು. ಎರಡನೆಯದೂ ಹಾಗೆಯೇ. ಅವಳಿಜವಳಿಯಲ್ಲಿ ಒಬ್ಬ ಮಾತ್ರ ಬಿಸಿಲಲ್ಲಿ ಜಾಸ್ತಿ ತಿರುಗಿ ಬಂದಿದ್ದಾನೆ ಅನ್ನಿಸಿತು.

"ಅದೇ ವೈನು," ಎಂದರು ಭಾವ. ಅವರ ದನಿ ತಗ್ಗಿತ್ತು. "ಅದೇ ತೋಟ, ಅದೇ ವರ್ಷ. ನನ್ನ ನಾಲಿಗೆಗೆ ಮೋಸ ಆಗಲ್ಲ. ಆದ್ರೆ ಆ ವರ್ಷದ ವೈನು ಈ ಮನೆ ಬಿಟ್ರೆ ಎಲ್ಲೂ ಇಲ್ವಲ್ಲ! ನನಗೇನಾದ್ರೂ ಅರಳುಮರಳು ಹಿಡೀತಾ?"

"ಇದ್ದದ್ದು ಕಮ್ಮಿ ಕಾಣಿಸಿದ್ರೆ ಅರಳುಮರಳು. ಇಲ್ಲದ್ದು ನಮ್ಮಿಬ್ಬರ ಬಾಯಲ್ಲೂ ರುಚಿ ಕೊಟ್ರೆ ಅದು ಕೇಸು."

ಅವಳು ಪುಡಿಯಾದ ಬಿರಡೆಯನ್ನು ಅಂಗೈಯಲ್ಲಿ ಹರಡಿಕೊಂಡು ಕಿಟಕಿಯ ಹತ್ತಿರ ಹೋದಳು. ಭಾವನ ಬಾಟಲಿಯ ಬಿರಡೆ ಒದ್ದೆಯಾಗಿ ಉಬ್ಬಿಕೊಂಡಿತ್ತು, ಕೆಂಪು ಬಣ್ಣ ಅರ್ಧದವರೆಗೆ ಏರಿತ್ತು. ಇದು ಒಣಗಿ ರಸ್ಕಿನ ಹಾಗಾಗಿತ್ತು.

"ಈ ಬಾಟಲಿ ಇಷ್ಟು ವರ್ಷ ಮಲಗೇ ಇಲ್ಲ ಭಾವ. ಮಲಗಿದ್ರೆ ಬಿರಡೆ ವೈನಲ್ಲಿ ನೆನೀತಿತ್ತು. ಇದು ನಿಂತೇ ಇತ್ತು. ಮೇಣ ಇದ್ದಿದ್ದಕ್ಕೆ ಬದುಕಿದೆ. ವೈನ್ ಬಗ್ಗೆ ಏನೂ ಗೊತ್ತಿಲ್ಲದವರು, ಆದ್ರೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ."

"ಮೇಲಿನ ಮನೆ ಪಿಟೀಲು ಟೀಚರ್?" ಎಂದರು ಭಾವ ದನಿ ತಗ್ಗಿಸಿ. "ಹೋದ ಭಾನುವಾರ ಪಾತ್ರೆ ವಾಪಸ್ ಕೊಡೋಕೆ ಬಂದಿದ್ರು."

"ಎರಡೂ ಕೈಯಲ್ಲಿ ಆ ಪಾತ್ರೆ ಹಿಡ್ಕೊಂಡು ಬಂದ್ರು. ಬಾಗಿಲಲ್ಲೇ ಅಕ್ಕನಿಗೆ ಕೊಟ್ಟು ಹೋದ್ರು. ಬಾಟಲಿ ಕಂಕುಳಲ್ಲಿ ಇಟ್ಕೊಂಡಿದ್ರಾ?"

"ವಾರದ ಮಧ್ಯೆ ಯಾರಾದ್ರೂ?"

"ಇಲ್ಲ. ಹೋದ ಭಾನುವಾರ ಹೊರಡೋವಾಗ ಬೀರುವಿನ ಹಿಡಿಗೆ ಕಪ್ಪು ದಾರ ಕಟ್ಟಿ ಹೋಗಿದ್ದೆ. ಹಾಗೇ ಇದ್ದದ್ದನ್ನ ಇವತ್ತು ನಿಮ್ಮ ಎದುರಿಗೇ ಕತ್ತರಿಸಿದೆ. ನಾನು ಮಾಡಿದ ತಪ್ಪು ಅಂದ್ರೆ ಕಟ್ಟೋ ಮುಂಚೆ ಒಳಗೆ ನೋಡ್ಲಿಲ್ಲ. ಅಷ್ಟರಲ್ಲೇ ಗೂಡು ತುಂಬಿತ್ತು." ಅವಳು ನಿಧಾನವಾಗಿ ಹೇಳಿದಳು. "ಅಂದ್ರೆ, ಊಟದ ಹೊತ್ತಲ್ಲಿ ಈ ಮನೆಯೊಳಗೆ ಇದ್ದವರೇ ಇಟ್ಟಿದ್ದು."

ಊಟದ ಹೊತ್ತಲ್ಲಿ ಮನೆಯೊಳಗೆ ಇದ್ದವರು ಅಕ್ಕ, ಭಾವ, ಅವಳು, ಅವಳ ಗಂಡ. ಭಾವ ಇದನ್ನು ಲೆಕ್ಕ ಹಾಕಿ ಮುಗಿಸುವ ಮೊದಲೇ ಇನ್ಸ್‌ಪೆಕ್ಟರಮ್ಮ ಬಾಟಲಿಯ ಕತ್ತನ್ನು ಮೂಗಿಗೆ ಹಿಡಿದಳು. ವೈನಿನ ವಾಸನೆಯ ಅಡಿಯಲ್ಲಿ, ಮೇಣದ ಮಡಿಕೆಯಲ್ಲಿ, ಇನ್ನೊಂದು ವಾಸನೆ ಕೂತಿತ್ತು.

ಬಟ್ಟೆಯ ನಡುವೆ ಇಡುವ ನುಸಿಗುಳಿಗೆ.

ಹಸಿರು ಮೇಣದ ಬುಡದಲ್ಲಿ ಏನೋ ಮಿಣುಕಿತು. ಉಗುರಿನಿಂದ ಕೆರೆದಳು. ಸಾಸಿವೆಗಿಂತ ಒಂಚೂರು ದೊಡ್ಡದು, ಬಂಗಾರದ ಬಣ್ಣದ ಚಮಕಿ.

ಇಂಥ ಚಮಕಿಯನ್ನು ಮದುವೆಯಾದಾಗಿನಿಂದ ತನ್ನ ಹಾಸಿಗೆಯಿಂದ, ದಿಂಬಿನಿಂದ, ಎಷ್ಟೋ ಸಲ ತನ್ನದೇ ತಲೆಗೂದಲಿನಿಂದ ಕೊಡವಿ ಹಾಕಿದ್ದಳು. ಅವಳ ಗಂಡ, ಅಂದರೆ ಭಾವನ ಷಡ್ಡಕ, ರಂಗಮಂದಿರದಲ್ಲಿ ವೇಷಭೂಷಣ ನೋಡಿಕೊಳ್ಳುವವನು. ನಾಟಕದವರು ಅವನನ್ನು ಕರೆಯುತ್ತಿದ್ದದ್ದೇ ‘ಪೆಟ್ಟಿಗೆ ಮಾಮ’ ಎಂದು.

"ಏನು ಸಿಕ್ತು?" ಎಂದರು ಭಾವ.

"ಧೂಳು," ಎಂದು ಅವಳು ಚಮಕಿಯನ್ನು ಕೈವಸ್ತ್ರದೊಳಗೆ ಮಡಚಿಟ್ಟಳು. ತನಿಖೆಯ ನಡುವೆ ಸುಳ್ಳು ಹೇಳಿದ್ದು ಇದೇ ಮೊದಲೇನಲ್ಲ. ತನ್ನವರ ಸಲುವಾಗಿ ಹೇಳಿದ್ದು ಮಾತ್ರ ಮೊದಲು.

"ಸೂಪ್ ಆರ್ತಾ ಇದೆ!" ಎಂದು ಅಕ್ಕ ಕೂಗಿದಳು.

ಊಟದ ಮೇಜಿನ ಮೇಲೆ ಬಿಳಿ ಬಟ್ಟೆ, ನಡುವೆ ಆಗಷ್ಟೇ ಓವನ್ನಿನಿಂದ ಬಂದ ಬ್ರೆಡ್ಡು. ಅಕ್ಕ ಕುಂಬಳಕಾಯಿ ಸುಟ್ಟು ಸೂಪು ಮಾಡಿದ್ದಳು. ಮೇಲೆ ಬೆಣ್ಣೆಯಲ್ಲಿ ಹುರಿದ ಬೆಳ್ಳುಳ್ಳಿ. ಆಪರೇಷನ್ ಆದ ಮೇಲೆ ಈ ಮನೆಯ ನಿಯಮವೊಂದು ಬದಲಾಗಿತ್ತು. ಕಲಕುವುದು, ರುಚಿ ನೋಡುವುದು ಅಕ್ಕನ ಪಾಲು, ಹೆಚ್ಚುವುದು ಭಾವನ ಪಾಲು. ಹಲ್ಲು ಕೊರೆಯುವ ಗಮನದಲ್ಲೇ ಅವರು ಈರುಳ್ಳಿ ಹೆಚ್ಚುತ್ತಿದ್ದರು. ಹಾಗಾಗಿ ಒಂದು ಈರುಳ್ಳಿಗೆ ಒಂದು ಹಲ್ಲಿನಷ್ಟೇ ಹೊತ್ತು ಹಿಡಿಯುತ್ತಿತ್ತು.

"ನನಗೆ ಅರ್ಧ ಗ್ಲಾಸು," ಎಂದಳು ಅಕ್ಕ. "ಡಾಕ್ಟರು ಅರ್ಧ ಅಂದಿದ್ದಾರೆ."

"ಯಾವ ಗ್ಲಾಸಿನ ಅರ್ಧ ಅಂತ ಹೇಳಿಲ್ಲ ನೋಡು," ಎಂದು ಭಾವ ಇದ್ದುದರಲ್ಲಿ ದೊಡ್ಡ ಗ್ಲಾಸನ್ನು ಅವಳ ಮುಂದಿಟ್ಟರು.

ಪೆಟ್ಟಿಗೆ ಮಾಮನ ಮುಂದೆ ಎಂದಿನಂತೆ ನಿಂಬೆಹಣ್ಣಿನ ಷರಬತ್ತು. ಅವನು ವೈನು ಮುಟ್ಟುವವನಲ್ಲ.

ಅಕ್ಕ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದು, ಕುರ್ಚಿಗೆ ಒರಗಿದಳು. "ಮಗಳು ಹುಟ್ಟಿದಾಗ ತೆಗೆಯೋಣ ಅಂದ್ವಿ. ಇನ್ನೂ ದೊಡ್ಡ ದಿನ ಬರತ್ತೆ ಅಂತ ಇಟ್ವಿ. ಅವಳು ಓದು ಮುಗಿಸಿದಾಗ್ಲೂ ಅಷ್ಟೇ. ಆಸ್ಪತ್ರೆಯಿಂದ ಬಂದು ಈ ಕುರ್ಚೀಲಿ ಕೂತಾಗ ಅನ್ನಿಸ್ತು, ಇದಕ್ಕಿಂತ ದೊಡ್ಡ ದಿನ ಯಾವುದಯ್ಯಾ? ಬದುಕಿದ್ದೀನಿ, ಹಸಿವಾಗ್ತಿದೆ, ಅಡುಗೆ ಬಿಸಿಯಾಗಿದೆ."

ಬ್ರೆಡ್ಡಿನ ಗಟ್ಟಿ ಅಂಚು ಮುರಿಯುವ ಸದ್ದು ಮಾತ್ರ ಕೇಳಿಸಿತು. ಇನ್ಸ್‌ಪೆಕ್ಟರಮ್ಮನಿಗೆ ಆ ಕ್ಷಣ ಚಮಕಿಯನ್ನು ಕಿಟಕಿಯಾಚೆ ಎಸೆದುಬಿಡೋಣ ಅನ್ನಿಸಿದ್ದು ನಿಜ.

ಆದರೆ ದ್ರಾಕ್ಷಿಯಣ್ಣ ನೆನಪಾದ.

ಈ ವೈನು ಅವನು ಕೊಟ್ಟದ್ದು. ಊರಾಚೆಯ ಇಳಿಜಾರಿನಲ್ಲಿ ಅವನದೊಂದು ಪುಟ್ಟ ದ್ರಾಕ್ಷಿತೋಟವಿತ್ತು. ಮೊದಲ ಫಸಲಿನ ವೈನನ್ನು ಪೂರಾ ಭಾವನಿಗೇ ಕೊಟ್ಟಿದ್ದ, ಅಷ್ಟು ಸ್ನೇಹ. ಭಾವ, ಅಕ್ಕ ಈ ಮನೆಗೆ ಬಂದ ವಾರ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದವನೂ ಅವನೇ. ವಾರ ಮುಗಿಯುವಷ್ಟರಲ್ಲಿ ಅರ್ಧದಷ್ಟು ಬಾಟಲಿಗಳು ಮಾಯ. ಭಾವ ಎಲ್ಲರೆದುರಿಗೆ, "ಕೊಟ್ಟಿದ್ದನ್ನ ನೀನೇ ಕದ್ದೆಯೇನೋ?" ಎಂದುಬಿಟ್ಟರು. ದ್ರಾಕ್ಷಿಯಣ್ಣ ಒಂದು ಮಾತೂ ಆಡದೆ ಮೆಟ್ಟಿಲಿಳಿದು ಹೋದ. ಮುಂದಿನ ವರ್ಷ ತೋಟಕ್ಕೆ ರೋಗ ಬಿದ್ದು ಬಳ್ಳಿಗಳೆಲ್ಲ ಒಣಗಿದವು. ಅವನು ಊರು ಬಿಟ್ಟ.

ಆಗಿನ್ನೂ ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರಿದ್ದ ಇನ್ಸ್‌ಪೆಕ್ಟರಮ್ಮ ಕೂಡ ಅವನೇ ಕಳ್ಳನೆಂದು ನಂಬಿದ್ದಳು.

ಸೂಪು ಮುಗಿದದ್ದೇ ಅವಳ ಗಂಡ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದ. ಅವಳು ಹಿಂದೆಯೇ ಹೋದಳು.

ಒಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಕುರಿಮಾಂಸ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. ಕಾಳುಮೆಣಸಿನ ಘಮಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಗಂಡ ತೋಳು ಮಡಚಿ ನಲ್ಲಿ ತಿರುಗಿಸಿದ. ಅವಳು ಕೈವಸ್ತ್ರ ಬಿಡಿಸಿ ಚಮಕಿಯನ್ನು ಕಟ್ಟೆಯ ಮೇಲಿಟ್ಟಳು.

"ಇದು ಯಾವ ರಾಜನದು ರೀ?"

ಅವನು ಬೆರಳ ತುದಿಗೆ ಅಂಟಿಸಿಕೊಂಡು ದೀಪಕ್ಕೆ ಹಿಡಿದ. "ರಾಜನದಲ್ಲ, ರಾಣಿಯ ಮೇಲಂಗಿದು. ಯುದ್ಧದ ನಾಟಕದ ರಾಣಿ. ಎಲ್ಲಿ ಸಿಕ್ತು?"

"ಬಾಟಲಿಯ ಕತ್ತಲ್ಲಿ."

ಅವನು ನಲ್ಲಿ ನಿಲ್ಲಿಸಿದ. ಅವಳು ಸುಮ್ಮನೆ ನಿಂತಳು. ಅವನೂ ಸುಮ್ಮನೆ ನಿಂತ. ಪಾತ್ರೆಯೊಂದೇ ಗೊಳಗೊಳ ಎನ್ನುತ್ತಿತ್ತು.

"ಸುಮ್ಮನೆ ನಿಂತು ಬಾಯಿ ಬಿಡಿಸೋ ಆಟ ನನ್ನ ಹತ್ರ ಬೇಡ ಕಣೇ," ಎಂದ ಕೊನೆಗೆ. "ಅದನ್ನ ಮದುವೆಯಾದ ಹೊಸತರಲ್ಲೇ ಕಲ್ತುಕೊಂಡಿದ್ದೀನಿ."

"ಸರಿ, ಕೇಳ್ತೀನಿ. ಗೂಡು ತುಂಬ್ತಿರೋದು ನೀವಾ?"

"ನಾನೇ. ನೀವೆಲ್ಲ ಗ್ಲಾಸು ಹಿಡ್ಕೊಂಡು ಮೈಮರೆತಿರ್ತೀರ. ನನ್ನ ಚೀಲ ಯಾರು ನೋಡ್ತಾರೆ?"

"ಆವತ್ತು ಕದ್ದಿದ್ದು?"

"ನಾನಲ್ಲ."

"ಇಷ್ಟು ವರ್ಷ ಎಲ್ಲಿದ್ವು?"

"ರಾಣಿಯ ಪೆಟ್ಟಿಗೇಲಿ. ಆ ನಾಟಕ ಈಗ ಯಾರೂ ಆಡಲ್ಲ, ಪೆಟ್ಟಿಗೆ ಯಾರೂ ತೆಗೆಯಲ್ಲ. ಒಂದಕ್ಕೊಂದು ತಾಗದ ಹಾಗೆ ಮೇಲಂಗಿ ಸುತ್ತಿ ನಿಲ್ಲಿಸಿದ್ದೆ. ಮಲಗಿಸ್ಬೇಕು ಅಂತ ಷರಬತ್ತು ಕುಡಿಯೋನಿಗೆ ಏನು ಗೊತ್ತು?"

ಅವಳಿಗೆ ನಗು ಬರುವಂತಾಯಿತು. ನಗಲಿಲ್ಲ.

"ಒಬ್ಬ ಮನುಷ್ಯ ಕಳ್ಳ ಅನ್ನಿಸ್ಕೊಂಡು ಊರು ಬಿಟ್ಟು ಹೋದ. ಮಾಲು ನಿಮ್ಮ ಪೆಟ್ಟಿಗೇಲಿ ಇತ್ತು. ನೀವು ತುಟಿ ಪಿಟಕ್ ಅನ್ಲಿಲ್ಲ. ದಿನಾ ನನ್ನ ಪಕ್ಕದಲ್ಲೇ ಮಲಗಿದ್ರಿ. ನಾನು ಊರವರ ಗುಟ್ಟೆಲ್ಲ ಹುಡುಕ್ಕೊಂಡು ಬೀದಿಬೀದಿ ಅಲೀತಿದ್ದೆ!"

"ಮಾತು ಕೊಟ್ಟಿದ್ದೆ."

"ಯಾರಿಗೆ?"

ಊಟದ ಕೋಣೆಯಲ್ಲಿ ಅಕ್ಕ ಯಾವುದಕ್ಕೋ ಜೋರಾಗಿ ನಕ್ಕಳು. ಅವನ ಕಣ್ಣು ಒಂದೇ ಒಂದು ಸಲ ಬಾಗಿಲ ಕಡೆ ಹೋಗಿ ಬಂತು. ಎದುರಿಗೆ ಕೂತವರ ಕಣ್ಣು ನೋಡುತ್ತಲೇ ತಲೆ ನರೆತವಳಿಗೆ ಅಷ್ಟು ಸಾಕಾಯಿತು.

"ಅಕ್ಕನಿಗಾ?"

ಅವನು ತೊಳೆದ ತಟ್ಟೆಯನ್ನು ಅವಳ ಕೈಗಿತ್ತ. "ಒರೆಸು. ನೀರು ಸೋರ್ತಿದೆ."

ಅವಳು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಆ ವಾರ ಭಾವ ಮನೆ ನೋಡೋಕೆ ಬಂದವರಿಗೆಲ್ಲ ಬಾಟಲಿ ಹಂಚ್ತಿದ್ರು," ಎಂದ ಅವನು ಮೆಲುದನಿಯಲ್ಲಿ. "ಹೊಸ ಮನೆ, ಹೊಸ ಕ್ಲಿನಿಕ್ಕು, ಕೈ ನಿಲ್ತಾ ಇರ್ಲಿಲ್ಲ. ಹೀಗೇ ಹೋದ್ರೆ ನಮಗೆ ಅಂತ ಒಂದೂ ಉಳಿಯಲ್ಲ ಅಂತ ಅತ್ತಿಗೆಗೆ ಚಿಂತೆ. ಅರ್ಧ ನನ್ನ ಹತ್ರ ಕೊಟ್ಟು ಬಚ್ಚಿಡು ಅಂದ್ರು. ಭಾವ ಕೇಳಿದಾಗ ಹೇಳಿದ್ರಾಯ್ತು ಅಂದ್ಕೊಂಡಿದ್ರು. ಭಾವ ಕೇಳ್ಲೇ ಇಲ್ಲ. ಸೀದಾ ಸ್ನೇಹಿತನ ಮೇಲೇ ಹರಿಹಾಯ್ದರು."

"ಆಗಲೇ ಹೇಳ್ಬಹುದಿತ್ತಲ್ಲ?"

"ಎಲ್ಲರೆದುರಿಗೆ ಗಂಡನ ಮುಖ ಮುರಿಯೋಕೆ ಆಗ್ಲಿಲ್ಲ. ಸಂಜೆ ಹೇಳ್ತೀನಿ ಅಂದ್ರು. ನಾಳೆ ಅಂದ್ರು, ನಾಡಿದ್ದು ಅಂದ್ರು, ವರ್ಷ ಕಳೀತು. ಅಷ್ಟರಲ್ಲಿ ಅವನು ಊರಲ್ಲೇ ಇರ್ಲಿಲ್ಲ. ಆಮೇಲೆ ಹೇಳೋದು ಇನ್ನೂ ಕಷ್ಟ ಆಯ್ತು." ಅವನು ಕೈ ಒರೆಸಿಕೊಂಡ. "ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗೋ ಮುಂಚೆ ನನ್ನ ಕೈ ಹಿಡ್ಕೊಂಡು, ‘ಎದ್ದು ಬಂದ್ರೆ ಒಂದೊಂದಾಗಿ ವಾಪಸ್ ಇಡೋಣ. ಕೊನೇದು ಇಟ್ಟ ದಿನ ಹೇಳ್ತೀನಿ’ ಅಂದ್ರು. ನಾನು ಹೂಂ ಅಂದೆ. ಆ ಹೊತ್ತಲ್ಲಿ ಇನ್ನೇನು ಅನ್ನಲಿ?"

"ಕೊನೇದು ಯಾವಾಗ?"

"ಇವತ್ತು ತಂದಿದ್ದೀನಿ. ಕಾಫಿ ಹೊತ್ತಿಗೆ ಹೇಳ್ತಾರೆ. ಅಲ್ಲೀವರೆಗೂ ನಿನ್ನ ಪೊಲೀಸ್ ಮುಖ ಇಲ್ಲೇ ಬಿಟ್ಟು ಬಾ. ಅತ್ತಿಗೆ ನೆಮ್ಮದಿಯಾಗಿ ಊಟ ಮಾಡ್ಲಿ."

ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೇನೋ. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ, ಅಕ್ಕ ಎದ್ದು ಬಂದರೆ ಸಾಕು, ಜೀವನಪೂರ್ತಿ ಅವಳ ಮೇಲೆ ಕೋಪಿಸಿಕೊಳ್ಳುವುದಿಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಂಡು ಕೂತಿದ್ದವಳು ಅವಳು. ಅವಳು ಬಟ್ಟೆಯಿಂದ ಬಿಸಿ ಪಾತ್ರೆಯನ್ನು ಹಿಡಿದೆತ್ತಿದಳು. ಆರೋಪಿಯ ಕೈಯಡುಗೆಯನ್ನು ಬಾಯಿ ಚಪ್ಪರಿಸಿಕೊಂಡು ತಿನ್ನಲು ಹೊರಟ ಪೊಲೀಸಿನವಳು ತಾನೊಬ್ಬಳೇ ಇರಬೇಕು.

ಬಾಯಿ ಚಪ್ಪರಿಸಿದ್ದಂತೂ ಹೌದು. ಮಾಂಸ ಮುಟ್ಟಿದರೆ ಮೂಳೆ ಬಿಡುತ್ತಿತ್ತು. ಕ್ಯಾರೆಟ್ಟಿನ ಸಿಹಿ, ಮೆಣಸಿನ ಖಾರ, ಅದರ ಮೇಲೆ ಒಂದು ಗುಟುಕು ಕೆಂಪು ವೈನು. ಅಷ್ಟು ವರ್ಷ ಕತ್ತಲಲ್ಲಿ ಕಾದದ್ದು ಈ ತುತ್ತಿಗೇ ಇರಬೇಕು ಅನ್ನಿಸುವ ಹಾಗೆ ಎರಡೂ ಬಾಯಲ್ಲಿ ಒಂದಾಗುತ್ತಿದ್ದವು. ಭಾವ ಎರಡನೇ ಸಲ ಬಡಿಸಿಕೊಂಡರು. ಅಕ್ಕ ಆಲೂಗಡ್ಡೆಯನ್ನು ರಸದಲ್ಲಿ ಕಿವುಚಿ ನಿಧಾನವಾಗಿ ತಿಂದಳು. ಅವಳ ಕೆನ್ನೆಯಲ್ಲಿ ಬಣ್ಣ ಬಂದಿತ್ತು.

"ನಿಮ್ಮ ಹಲ್ಲು ನೋಡಿ, ನೇರಳೆ ಆಗಿದೆ," ಎಂದಳು ಗಂಡನಿಗೆ. "ನಾಳೆ ಪೇಷಂಟ್‌ಗಳು ಎದ್ದು ಓಡ್ತಾರೆ."

ಭಾವ ನಕ್ಕು ಮೇಜಿನ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡರು. ಇನ್ಸ್‌ಪೆಕ್ಟರಮ್ಮ ಆ ಎರಡು ಕೈಗಳನ್ನೇ ನೋಡಿದಳು. ಕಾಫಿಯವರೆಗೆ ಕಾಯಬಹುದು. ಕಾಫಿಯಾದ ಮೇಲೂ ಈ ಕೈಗಳು ಹೀಗೇ ಇರಲಿ ಎಂದುಕೊಂಡಳು.

ಅಷ್ಟರಲ್ಲಿ ಭಾವ ಚಮಚದಿಂದ ಗ್ಲಾಸನ್ನು ಟಿಣ್ ಎನಿಸಿದರು.

"ಇನ್ಸ್‌ಪೆಕ್ಟರಮ್ಮ, ನಿನ್ನ ಕೇಸು ಮುಗೀತು. ಕಳ್ಳ ಯಾರು ಅಂತ ನಾನೇ ಕಂಡುಹಿಡಿದಿದ್ದೀನಿ. ಇಷ್ಟು ಹೊತ್ತು ಬೇಕಂತಲೇ ಏನೂ ಗೊತ್ತಿಲ್ಲದವನ ಹಾಗೆ ಇದ್ದೆ."

ಪೆಟ್ಟಿಗೆ ಮಾಮನಿಗೆ ಷರಬತ್ತು ನೆತ್ತಿಗೇರಿತು.

"ಯೋಚನೆ ಮಾಡಿ ನೋಡು," ಎಂದರು ಭಾವ ಉತ್ಸಾಹದಿಂದ. "ಆವತ್ತು ಮಾಯವಾದ ಬಾಟಲಿಗಳು ಯಾರ ಹತ್ರ ಇರೋಕೆ ಸಾಧ್ಯ? ಕದ್ದವನ ಹತ್ರ. ಇವತ್ತು ನೀನು ಮನೆಯೊಳಗಿನವರು ಅಂದೆ. ಅದೊಂದು ಸರಿಯಿಲ್ಲ. ಈ ಮನೆಗೆ ಬಂದ ವಾರ ಅವನ ಕೈಗೂ ಒಂದು ಬೀಗದ ಕೈ ಕೊಟ್ಟಿದ್ದೆ. ವಾಪಸ್ ತಗೊಂಡಿಲ್ಲ, ಬೀಗಾನೂ ಬದಲಾಯಿಸಿಲ್ಲ. ವಯಸ್ಸಾಯ್ತು, ಮನಸ್ಸು ಕರಗಿದೆ, ಒಂದೊಂದಾಗಿ ತಂದಿಡ್ತಿದ್ದಾನೆ ಪಾಪ."

ಅಕ್ಕನ ಕೈ ಅವರ ಕೈಯೊಳಗಿಂದ ಜಾರಿತು. "ಯಾರು?"

"ಇನ್ಯಾರು? ದ್ರಾಕ್ಷಿಯಣ್ಣ. ಒಬ್ಬ ಪೇಷಂಟ್ ಕಡೆಯಿಂದ ನಂಬರ್ ಸಿಕ್ತು. ಎಲ್ಲೋ ಗಾಜಿನ ಮನೇಲಿ ಗುಲಾಬಿ ಬೆಳೆಸ್ತಾನಂತೆ. ನಾನೇ ಫೋನ್ ಮಾಡಿದೆ. ‘ಆಗಿದ್ದು ಆಗಿಹೋಯ್ತು ಮಾರಾಯ, ನಿನ್ನನ್ನ ಕ್ಷಮಿಸಿದ್ದೀನಿ’ ಅಂದೆ." ಭಾವನ ಕಣ್ಣು ತೇವವಾಗಿತ್ತು. "ಎಷ್ಟು ಹಗುರ ಆಯ್ತು ಗೊತ್ತಾ ಎದೆ!"

"ಅವನು ಏನಂದ?" ಅಕ್ಕನ ದನಿ ಕೇಳಿಸಿದ್ದೇ ಕಷ್ಟದಿಂದ.

"‘ನಿಮ್ಮ ಮನೆಯವರು ಹೇಗಿದ್ದಾರೆ’ ಅಂತ ಕೇಳಿದ. ಆಪರೇಷನ್ ವಿಷಯ ಹೇಳಿದೆ. ಊಟಕ್ಕೆ ಬಾ ಅಂದೆ. ಬರ್ತೀನಿ ಅಂದ."

"ಯಾವತ್ತು?"

"ಇವತ್ತೇ. ನಿನಗೆ ಹೇಳಿದ್ರೆ ಎರಡು ಪಲ್ಯ ಜಾಸ್ತಿ ಮಾಡಿ ದಣೀತೀಯ ಅಂತ ಹೇಳ್ಲಿಲ್ಲ. ಊಟದ ಹೊತ್ತಿಗೇ ಬರ್ಬೇಕಿತ್ತು. ಬಸ್ಸು ತಡ ಆಯ್ತೇನೋ."

ಇನ್ಸ್‌ಪೆಕ್ಟರಮ್ಮ ಗಂಡನ ಮುಖ ನೋಡಿದಳು. ಗಂಡ ಅಕ್ಕನ ಮುಖ ನೋಡಿದ. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ತಟ್ಟೆಯ ಪಕ್ಕದ ಚಮಚವನ್ನು ಒಂದು ಸಲ ನೇರ ಮಾಡಿದಳು.

ಕರೆಗಂಟೆ ಬಡಿಯಿತು.

ಭಾವ ಕುರ್ಚಿ ಹಿಂದೆ ತಳ್ಳಿದರು. ಆದರೆ ಅಕ್ಕ ಅವರಿಗಿಂತ ಮೊದಲೇ ಎದ್ದು ನಿಂತಿದ್ದಳು. ಒಂದು ಕೈ ಮೇಜಿನ ಅಂಚಿನ ಮೇಲೆ, ಇನ್ನೊಂದು ಕೈ ಎದೆಯ ಹೊಲಿಗೆಯ ಮೇಲೆ.

"ಯಾರೂ ಏಳ್ಬೇಡಿ. ಬಾಗಿಲು ನಾನು ತೆಗೀತೀನಿ."

"ನೀನ್ಯಾಕೆ..."

"ನಾನೇ ತೆಗೀಬೇಕು."

ಅವಳ ಹೆಜ್ಜೆ ಓಣಿಯಲ್ಲಿ ನಿಧಾನವಾಗಿ ಸರಿಯಿತು. ಚಿಲಕ ಬಿಚ್ಚಿದ ಸದ್ದು. ಹೊರಗಿನ ತಂಗಾಳಿ ಒಳಗೆ ಬಂದು ಮೇಜಿನ ಬಟ್ಟೆಯ ಅಂಚನ್ನು ಅಲ್ಲಾಡಿಸಿತು.

ಆಮೇಲೆ ಗಂಡಸಿನ ದನಿಯೊಂದು ಕೇಳಿಸಿತು. ವಯಸ್ಸಾದ ದನಿ. ಅದರಲ್ಲಿ ಸಿಟ್ಟಿರಲಿಲ್ಲ. ಊಟದ ಕೋಣೆಯವರೆಗೂ ಅದು ಸ್ಪಷ್ಟವಾಗಿ ಬಂತು.

"ಏನು ತಂಗೀ, ಆವತ್ತು ನಾನು ಕಂಡದ್ದನ್ನ ಇನ್ನೂ ಹೇಳಿಲ್ವಾ ಅವರಿಗೆ?"

ಭಾವ ಅರ್ಧ ಎದ್ದವರು ಹಾಗೆಯೇ ನಿಂತರು. ಓಣಿಯ ಕಡೆ ನೋಡಿದರು. ಅವರು ನಿಧಾನವಾಗಿ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದರು.

"ಏನು ಹೇಳಿಲ್ಲ ನನಗೆ?"